ಬಾರದ ತೆರಿಗೆಗೆ ಕಂತು ಕಟ್ಟಿದವನ ಅಹವಾಲು

ವಾರಸಾ ತೆರಿಗೆ ಅಧಿಕಾರಿಗಳೇ,

ನೀವು ಇನ್ನೂ ಬಂದಿಲ್ಲ ಎಂಬುದೇ ನನ್ನ ದೂರು.

ಊರಲ್ಲಿ ಬೇರೆಯವರು ಸರ್ಕಾರಕ್ಕೆ ಪತ್ರ ಬರೆಯುವುದು ತೆರಿಗೆ ಹೆಚ್ಚಾಯಿತು, ಇಳಿಸಿರಿ ಎಂದು. ನಾನು ಬರೆಯುತ್ತಿರುವುದು ಹಾಕದೇ ಇರುವ ತೆರಿಗೆಯ ಬಗ್ಗೆ. ಮನುಷ್ಯ ಸತ್ತು ಅವನ ಹೊಲಮನೆ ಹೆಂಡತಿ ಮಕ್ಕಳ ಹೆಸರಿಗೆ ಹೋಗುವಾಗ ಸರ್ಕಾರ ಬಾಗಿಲಿಗೆ ಅಡ್ಡ ನಿಂತು ‘ನನ್ನ ಪಾಲು ಇಟ್ಟು ಮುಂದೆ ಹೋಗಿ’ ಅನ್ನುತ್ತದಲ್ಲ, ಆ ತೆರಿಗೆ. ಅದು ಬಂದೇ ಬರುತ್ತದೆ ಎಂದು ನಂಬಿ, ನಾನು ಸತ್ತ ಮೇಲೆ ಕಟ್ಟುವ ದುಡ್ಡು ಮನೆಯವರ ಕೈಗೆ ತಾನಾಗಿ ಬರಲಿ ಎಂದು ನನ್ನ ಪ್ರಾಣದ ಮೇಲೆ ದೊಡ್ಡದೊಂದು ವಿಮೆ ಮಾಡಿಸಿದೆ. ಎರಡು ವರ್ಷ ಕಂತು ಕಟ್ಟಿದೆ. ಮೂರನೆಯ ಕಂತಿಗೆ ದುಡ್ಡು ಸಾಲದೆ ಬಾವಿ ಪಟ್ಟಿಯನ್ನು, ಅಂದರೆ ನನ್ನ ಹೆಂಡತಿ ಕಸ್ತೂರೆವ್ವ ಸೇವಂತಿ ಬೆಳೆಯುವ ತುಂಡು ಹೊಲವನ್ನು, ಮಾರಲು ಮಾತು ಕೊಟ್ಟೆ. ಹೊಲ ಉಳಿಸುವ ವಿಮೆಗೆ ಹೊಲವನ್ನೇ ಮಾರುವಷ್ಟು ಜಾಣತನ ನಮ್ಮ ಅಥಣಿ ತಾಲ್ಲೂಕಿನಲ್ಲಿ ನನಗಿಂತ ಮೊದಲು ಯಾರಿಗೂ ಬಂದಿದ್ದು ಕೇಳಿಲ್ಲ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಕೂತವನ ಮನೆಗೆ ನೀವು ಬರದೇ ಹೋದರೆ ಹೇಗೆ? ಬೀಗರು ಬರುತ್ತಾರೆಂದು ಹೋಳಿಗೆ ಮಾಡಿಸಿದವನಿಗೆ, ಬೀಗರು ಬರುವುದಿರಲಿ, ಮಗಳಿಗೆ ಸಂಬಂಧವೇ ಕೂಡಿಬಂದಿಲ್ಲ ಎಂದು ತಿಳಿದರೆ ಅವನ ಗತಿ ಏನು?

ನಿಮ್ಮ ಹುದ್ದೆಯೇ ಇನ್ನೂ ಹುಟ್ಟಿಲ್ಲ ಎಂಬುದು ಈಗ ನನಗೆ ಗೊತ್ತಾಗಿದೆ. ನಿಮಗೆ ಕಚೇರಿ ಇಲ್ಲ, ಕುರ್ಚಿ ಇಲ್ಲ, ಊಟಕ್ಕೆ ಹೋದವರು ನಾಲ್ಕು ಗಂಟೆಗೆ ಬರುತ್ತಾರೆ ಎಂದು ಹೇಳಲು ಬಾಗಿಲಲ್ಲಿ ಸಿಪಾಯಿಯೂ ಇಲ್ಲ. ಇದ್ದ ಅಧಿಕಾರಿಗಳಿಗೆ ಬರೆದ ಪತ್ರಗಳಿಗೇ ಉತ್ತರ ಬರಲಿಲ್ಲವಾದ್ದರಿಂದ, ಇಲ್ಲದ ಅಧಿಕಾರಿಗೆ ಬರೆದು ನಾನು ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ ಎಂದು ಧೈರ್ಯ ಮಾಡಿದ್ದೇನೆ.

ನನ್ನ ಪರಿಚಯ ಹೇಳಬೇಕು. ನಾನು ಬಾಬಾಸಾಹೇಬ, ತೆಲಸಂಗದವನು. ನಮ್ಮದು ದ್ರಾಕ್ಷಿ ಪಡ, ಅಂದರೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡೂ ಇದೆ. ಪಡ ಮಾಡುವವನು ಮಗ ಅಮೋಲ. ಪಡದ ಭವಿಷ್ಯದ ಬಗ್ಗೆ ಮಾತಾಡುವವನು ನಾನು. ಅರವತ್ತು ದಾಟಿದ ಮೇಲೆ ಮೈಯಿಂದ ಆಗುವ ಕೆಲಸ ಕಡಿಮೆಯಾಗಿ ಬಾಯಿಂದ ಆಗುವ ಕೆಲಸ ಹೆಚ್ಚಾಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನಲ್ಲಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಓದಿದ್ದಕ್ಕೆ ನನ್ನ ವ್ಯಾಖ್ಯಾನ ಸೇರಿಸುವುದು ನನ್ನ ಉದ್ಯೋಗ. ಕೇಳುವವರಿಗೆ ಪತ್ರಿಕೆ ಎಲ್ಲಿ ಮುಗಿಯಿತು, ಬಾಬಾಸಾಹೇಬ ಎಲ್ಲಿ ಶುರುವಾದ ಎಂಬುದು ತಿಳಿಯುತ್ತಿರಲಿಲ್ಲ. ಕೆಲವೊಮ್ಮೆ ನನಗೂ ತಿಳಿಯುತ್ತಿರಲಿಲ್ಲ. ಈ ಪತ್ರದಲ್ಲಿ ಬರುವ ಅನರ್ಥವೆಲ್ಲ ಶುರುವಾದದ್ದು ಅಲ್ಲಿಂದಲೇ.

ಅದೊಂದು ಚುನಾವಣೆಯ ಬೇಸಿಗೆ. ಟಿವಿಯಲ್ಲಿ ನಾಲ್ಕು ಮಂದಿ ಕೂತು ಈ ತೆರಿಗೆಯ ಬಗ್ಗೆ ಜಗಳಾಡುತ್ತಿದ್ದರು. ಯಾವುದೋ ದೂರದ ದೇಶದಲ್ಲಿ ಇದೆಯಂತೆ, ನಮ್ಮಲ್ಲೂ ಒಂದು ಕಾಲಕ್ಕೆ ಇತ್ತಂತೆ. ಒಬ್ಬ ಬರುತ್ತದೆ ಅಂದ, ಇನ್ನೊಬ್ಬ ಬರುವುದಿಲ್ಲ ಅಂದ, ಮೂರನೆಯವನು ಬಂದರೆ ನೋಡಿ ಅಂದ. ಅಷ್ಟರಲ್ಲಿ ಕರೆಂಟು ಹೋಯಿತು. ನನಗೆ ಸಿಕ್ಕ ಮಾಹಿತಿ ಇಷ್ಟೇ. ಮರುದಿನ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ನಡೆದಿತ್ತು. ನನ್ನ ಹೆಂಡತಿಯ ತಮ್ಮ ಸಂಭಾಜಿ ಮಿರಜ್ ಕಡೆಯಿಂದ ಬಂದಿದ್ದ. ಅವನು ಮಾತೆತ್ತಿದರೆ ಮರಾಠಿ, ನಾನು ಕನ್ನಡ, ಇಬ್ಬರಿಗೂ ಎರಡೂ ಬರುತ್ತದೆ. ಅವನ ಎದುರು ನಾನು ಏನೂ ಗೊತ್ತಿಲ್ಲದವನ ಹಾಗೆ ಕೂರಲು ಆಗುತ್ತದೆಯೇ? ಕಸ್ತೂರೆವ್ವ ಚಹಾ ತಂದು ಇಡುತ್ತಿದ್ದಾಗ ನಾನು ಗಂಭೀರವಾಗಿ, ಸತ್ತವನ ಪಡದಲ್ಲಿ ಐದು ಸಾಲಿದ್ದರೆ ಎರಡು ಸಾಲು ಸರ್ಕಾರಕ್ಕೆ ಹೋಗುತ್ತದೆ ಎಂದು ಹೇಳಿಬಿಟ್ಟೆ. ಐದಕ್ಕೆ ಎರಡು ಎಂಬ ಲೆಕ್ಕ ಎಲ್ಲಿಂದ ಬಂತೆಂದು ಕೇಳಬೇಡಿ. ಎದುರಿಗೆ ದ್ರಾಕ್ಷಿ ಸಾಲು ಕಂಡವು, ಬಾಯಿಗೆ ಬಂತು, ಬಂದಾಗ ಬಹಳ ಖರೆ ಅನ್ನಿಸಿತು. ಸಂಭಾಜಿ ತಲೆ ಆಡಿಸಿದ, ಚಹಾ ಕುಡಿದ, ಹೋದ. ನಾನು ಮರೆತೆ.

ಇಲ್ಲಿ ಗಡಿಯ ಜನರ ಒಂದು ರೂಢಿಯನ್ನು ನಿಮಗೆ ತಿಳಿಸಬೇಕು, ಮುಂದೆ ನಿಮ್ಮ ಹುದ್ದೆ ಹುಟ್ಟಿದರೆ ಉಪಯೋಗಕ್ಕೆ ಬಂದೀತು. ಚಿಕ್ಕೋಡಿಯಿಂದ ಕಾಗವಾಡದವರೆಗೆ ನಾವು ಯಾವ ಸುದ್ದಿಯನ್ನೂ ಒಂದೇ ಭಾಷೆಯಲ್ಲಿ ಕೇಳಿ ನಂಬುವವರಲ್ಲ. ಕನ್ನಡದಲ್ಲಿ ಕೇಳಿದ್ದು ಮರಾಠಿಯಲ್ಲೂ ಬಂದರೆ ಅದಕ್ಕೆ ಎರಡು ಸಾಕ್ಷಿ ಬಿದ್ದಂತೆ. ಮರಾಠಿಯಲ್ಲಿ ಕೇಳಿದ್ದು ಕನ್ನಡದಲ್ಲೂ ಬಂದರೆ ಮುದ್ರೆ ಒತ್ತಿದಂತೆ. ಬೆಳೆಯ ರೇಟು, ಕಾರ್ಖಾನೆಯ ಗಾಳಿಸುದ್ದಿ, ಗಂಡಿನ ಮನೆಯ ಗುಣಾವಗುಣ ಎಲ್ಲವನ್ನೂ ನಾವು ಹೀಗೆಯೇ ತೂಗುವುದು. ಒಂದೇ ಊರಿನವರು ಸುಳ್ಳು ಹೇಳಬಹುದು, ಎರಡು ರಾಜ್ಯದವರು ಕೂಡಿ ಒಂದೇ ಸುಳ್ಳು ಹೇಳುತ್ತಾರೆಯೇ?

ಆರು ತಿಂಗಳ ಮೇಲೆ ಕಾಗವಾಡದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಗಡಿಯಾಚೆಯ ಒಬ್ಬ ಹಿರಿಯರು. ಬಿಳಿ ಟೋಪಿ, ಬಿಳಿ ಮೀಸೆ, ನಾಲ್ಕು ಮಂದಿಯ ಜಗಳ ಬಿಡಿಸಿ ಅಭ್ಯಾಸವಿದ್ದ ಮುಖ. ಅವರು ಬೂಂದಿ ಬಡಿಸುವವನನ್ನು ತಡೆದು, ನನ್ನ ಕಡೆ ಬಾಗಿ, “ಪಾಚ ಓಳೀತಲ್ಯಾ ದೋನ ಓಳೀ ಸರಕಾರಚ್ಯಾ” ಅಂದರು. ಐದು ಸಾಲಿನಲ್ಲಿ ಎರಡು ಸಾಲು ಸರ್ಕಾರದ್ದು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಕನ್ನಡದಲ್ಲಿ ಗೊತ್ತಿದ್ದದ್ದು ಮರಾಠಿಯಲ್ಲೂ ಬಂತು, ಲೆಕ್ಕ ಕೂಡ ಅದೇ. ಇನ್ನೇನು ಬೇಕು? ಆ ಲೆಕ್ಕವನ್ನು ನಾನು ಮೊದಲು ಎಲ್ಲಿ ಕೇಳಿದೆ ಎಂದು ಯೋಚಿಸಲು ನನಗೆ ಅಲ್ಲಿ ಪುರುಸೊತ್ತಿರಲಿಲ್ಲ, ಬೂಂದಿ ಮುಗಿಯುತ್ತಾ ಬಂದಿತ್ತು.

ಆದರೂ ನಾನು ಎರಡು ಸಾಕ್ಷಿಗೆ ನಿಲ್ಲಲಿಲ್ಲ ಎಂಬುದನ್ನು ದಾಖಲಿಸಬೇಕು. ಮೂರನೆಯದನ್ನು ಸರ್ಕಾರದಿಂದಲೇ ಪಡೆಯೋಣ ಎಂದು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಎಲ್ಲ ಕಚೇರಿಗಳೂ ತಮ್ಮದೇ ಎಂದುಕೊಳ್ಳಲಿ. ಈ ತೆರಿಗೆ ಇದೆಯೋ ಇಲ್ಲವೋ ಎಂದು ಕೇಳಿದೆ. ಅಲ್ಲಿದ್ದವರು ಮುಖ ಎತ್ತದೆ, “ಇನ್ನೂ ಆದೇಶ ಬಂದಿಲ್ರಿ” ಅಂದರು. ಅಧಿಕಾರಿಗಳೇ, ನಿಮ್ಮ ಜಾತಿಯವರಿಗೆ ‘ಇಲ್ಲ’ ಎಂಬ ಎರಡಕ್ಷರ ಬಾಯಿಗೆ ಬರುವುದೇ ಇಲ್ಲವೇ? ಪಿಂಚಣಿ ಕೇಳಿದರೂ ಆದೇಶ ಬಂದಿಲ್ಲ, ಬೆಳೆ ಪರಿಹಾರ ಕೇಳಿದರೂ ಆದೇಶ ಬಂದಿಲ್ಲ. ಭೂಮಿ ಚಪ್ಪಟೆ ಇದೆಯೇ ಎಂದು ಕೇಳಿದರೂ ನೀವು ಆದೇಶ ಬಂದಿಲ್ಲ ಅನ್ನುವವರೇ. ಬಂದಿಲ್ಲ ಅಂದರೆ ಬರಲಿದೆ ಎಂದು ಅರ್ಥ ಮಾಡಿಕೊಂಡು ನಾನು ಅಲ್ಲಿಂದ ನೇರವಾಗಿ ಚಿಕ್ಕೋಡಿಯ ಬಸ್ಸು ಹತ್ತಿದೆ.

ಚಿಕ್ಕೋಡಿಯಲ್ಲಿ ಬಾಪುಸಾಹೇಬ ಎಂಬ ನನ್ನ ಹಳೆಯ ಗೆಳೆಯ ವಿಮೆಯ ಏಜೆಂಟು. ಕೋರ್ಟಿನ ಹತ್ತಿರ ಅವನು ಕೂಡುವ ಜಾಗ. ಅಪ್ಪನ ಹೊಲಕ್ಕೆ ಅಣ್ಣತಮ್ಮಂದಿರು ಕಾದಾಡಿ ದಣಿದು ಹೊರಗೆ ಬಂದಾಗ ಸಾವಿನ ಬಗ್ಗೆ ಮಾತಾಡಲು ಒಳ್ಳೆಯ ವೇಳೆ ಎಂಬುದು ಅವನ ಅನುಭವ. ಇಂಥ ತೆರಿಗೆಯ ಮಾತನ್ನು ಅವನು ಕೇಳಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. “ತೆರಿಗಿ ಬರ್ತೈತೋ ಇಲ್ಲೋ ನನಗ ಗೊತ್ತಿಲ್ಲೋ ಬಾಬಾ, ಸಾವು ಅಂತೂ ಬರ್ತೈತಿ. ಎರಡರಾಗ ಒಂದ್ ಬಂದ್ರೂ ಪಾಲಸಿ ಸಾರ್ಥಕ” ಅಂದ. ಇಷ್ಟು ಸತ್ಯವಾದ ಮಾತನ್ನು ನಾನು ಯಾವ ಕಚೇರಿಯಲ್ಲೂ ಕೇಳಿರಲಿಲ್ಲ. ಆದರೆ ನನ್ನ ವಯಸ್ಸಿಗೆ ಕಂತು ಎಷ್ಟು ಬೀಳುತ್ತದೆ ಎಂದು ಅವನು ತೋರಿಸಿದಾಗ ಕಣ್ಣಿಗೆ ಕತ್ತಲು ಬಂತು. ಸ್ವಲ್ಪ ಸಣ್ಣದು ಮಾಡಿಸು ಎಂದು ಬಾಪುಸಾಹೇಬನೇ ಬೇಡಿಕೊಂಡ. ನಾನು ಕೇಳಲಿಲ್ಲ. ಐದಕ್ಕೆ ಎರಡು ಸಾಲು ಬಿಡಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬೇಕು ಎಂದು ಹಟ ಹಿಡಿದೆ. ಗಿರಾಕಿ ಹೆಚ್ಚು ಕೊಡುತ್ತೇನೆ ಅಂದು ಏಜೆಂಟು ಬೇಡ ಅನ್ನುವ ವ್ಯಾಪಾರ ನೀವು ಎಲ್ಲಾದರೂ ನೋಡಿದ್ದೀರಾ?

ಮೈ ತಪಾಸಣೆಯೂ ಆಯಿತು. ಡಾಕ್ಟರು ಎದೆಗೆ ನಳಿಕೆ ಇಟ್ಟು, ನಿಮ್ಮ ಹೃದಯ ಎತ್ತಿನ ಹಾಗಿದೆ, ಇನ್ನೂ ಇಪ್ಪತ್ತು ವರ್ಷ ಚಿಂತೆ ಇಲ್ಲ ಎಂದರು. ಬಾಪುಸಾಹೇಬನಿಗೆ ಸಂತೋಷ, ಕಂಪನಿಗೆ ಸಂತೋಷ. ನನ್ನ ಮನಸ್ಸು ಮಾತ್ರ ಇಪ್ಪತ್ತು ಕಂತು ಎಂದು ಲೆಕ್ಕ ಹಾಕುತ್ತಿತ್ತು. ಆರೋಗ್ಯ ಚೆನ್ನಾಗಿದೆ ಎಂದು ಕೇಳಿ ಮುಖ ಸಣ್ಣ ಮಾಡಿಕೊಂಡು ಆಸ್ಪತ್ರೆಯಿಂದ ಹೊರಬಿದ್ದವನು ಆ ದಿನ ನಾನೊಬ್ಬನೇ ಇರಬೇಕು.

ಆಮೇಲೆ ಶುರುವಾಯಿತು ನಿಮಗಾಗಿ ಕಾಯುವ ಕೆಲಸ. ಕಂತು ಕಟ್ಟಿದ ಮೇಲೆ ತೆರಿಗೆ ಬರದಿದ್ದರೆ ನಾನು ಮೂರ್ಖ ಆಗುತ್ತೇನಲ್ಲ? ಹೀಗಾಗಿ ದೇಶದ ಜನರೆಲ್ಲ ತೆರಿಗೆ ಇಳಿಯಲಿ ಎಂದು ಬಜೆಟ್ ನೋಡುವಾಗ, ನಾನೊಬ್ಬ ಟಿವಿಯ ಮುಂದೆ ಕೈಮುಗಿದು ಹೊಸದೊಂದು ತೆರಿಗೆ ಬರಲಿ ಎಂದು ಕೂತಿರುತ್ತಿದ್ದೆ. ಪಕ್ಕದ ಮನೆಯವರು ನನ್ನ ದೇಶಭಕ್ತಿ ಎಂದುಕೊಂಡರು. ಬಜೆಟ್ ಮುಗಿದು ನಿಮ್ಮ ಹೆಸರೇ ಬರದಿದ್ದಾಗ ಎದ್ದು ಹೋಗಿ ಎಮ್ಮೆಯ ಹತ್ತಿರ ನಿಲ್ಲುತ್ತಿದ್ದೆ. ಮನೆಯಲ್ಲಿ ವಿಮೆಯ ವಿಷಯ ಯಾರಿಗೂ ಹೇಳಿರಲಿಲ್ಲ. ನಾನು ಸತ್ತ ಮೇಲೆ ಎಲ್ಲರೂ ತಿಳಿದು, ಅಬ್ಬಾ ಎಂಥ ದೂರದೃಷ್ಟಿ ಎಂದು ಬಾಯ ಮೇಲೆ ಬೆರಳಿಡಬೇಕು ಎಂಬ ಆಸೆ. ಆ ಹೊಗಳಿಕೆ ಕೇಳಲು ನಾನೇ ಇರುವುದಿಲ್ಲ ಎಂಬುದು ಹೊಳೆಯಲು ಬಹಳ ದಿನ ಬೇಕಾಯಿತು.

ಖರೆ ಹೇಳಬೇಕೆಂದರೆ ನನ್ನ ಹೆದರಿಕೆ ತೆರಿಗೆಗಿಂತ ದೊಡ್ಡದಿತ್ತು. ನಾನು ಇಲ್ಲದ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲವಲ್ಲ ಎಂಬುದು ನನಗೆ ಸಹಿಸಲು ಆಗುತ್ತಿರಲಿಲ್ಲ. ಸತ್ತ ಮೇಲೂ ಏನಾದರೊಂದನ್ನು ನಾನೇ ನಡೆಸಬೇಕು, ಕೊನೆಗೆ ತೆರಿಗೆಯನ್ನಾದರೂ.

ಈ ವರ್ಷ ಅಕಾಲದ ಮಳೆ ಬಿದ್ದು ಒಣಹಾಕಿದ ದ್ರಾಕ್ಷಿ ಕಪ್ಪಾಯಿತು. ಕೈಯಲ್ಲಿ ಉಳಿದದ್ದನ್ನು ಅಮೋಲ ಪಡದ ಬಳ್ಳಿ ಸವರುವ ಚಾಟ್ನಿಗೆ, ಔಷಧಿಗೆ ತೆಗೆದಿಟ್ಟ. ಕಂತಿನ ದಿನ ಹತ್ತಿರ ಬಂತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಬಾವಿ ಪಟ್ಟಿ. ಪಟ್ಟಿ ಬಹಳ ದೊಡ್ಡದೇನಲ್ಲ. ಕಸ್ತೂರೆವ್ವ ಮದುವೆಯಾಗಿ ಬಂದ ಮರುವರ್ಷದಿಂದ ಅಲ್ಲಿ ಸೇವಂತಿ ಹಾಕುತ್ತಾಳೆ, ಬದುವಿಗೆ ಪುಂಡಿಪಲ್ಲೆ, ಮೆಂತ್ಯ. ಹೂವನ್ನು ಅವಳೂ ನನ್ನ ಕಾಕಾನ ಸೊಸೆ ದ್ರೌಪದಿಯೂ ಬೆಳಗಾಗುವ ಮೊದಲು ಬಿಡಿಸಿ ಅಥಣಿಯ ಪೇಟೆಗೆ ಕಳಿಸುತ್ತಾರೆ. ಆ ದುಡ್ಡನ್ನು ಇದುವರೆಗೆ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಮಗಳು ದೀಪಾಲಿಯ ಕಾಲೇಜಿನ ಶುಲ್ಕ ಆ ಪಟ್ಟಿಯಿಂದ ಹೋಯಿತೆಂದು ನನಗೆ ಗೊತ್ತಾದದ್ದು ಅವಳು ನಿಪ್ಪಾಣಿಯಲ್ಲಿ ಶಿಕ್ಷಕಿ ಆದ ಮೇಲೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮಾತ್ರ ಪಟ್ಟಿ ನನ್ನ ಹೆಸರಿಗಿದೆ. ಹೆಸರು ನನ್ನದು ಅಂದ ಮೇಲೆ ಮಾರುವುದಕ್ಕೆ ಯಾರನ್ನು ಕೇಳಬೇಕು ಎಂದುಕೊಂಡೆ. ಬದುವಿನಾಚೆಯ ಸಿದರಾಯನಿಗೆ ಆ ಬಾವಿಯ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಒಂದೇ ಮಾತಿಗೆ ಒಪ್ಪಿದ. ಆದರೆ ಅವನು ನನಗಿಂತ ಜಾಣ. ಮುಂದೆ ತಕರಾರು ಬೇಡ, ಹೆಂಡತಿ ಮಕ್ಕಳೆಲ್ಲರ ಸಹಿ ಆದ ಮೇಲೆಯೇ ಸಂಚಕಾರದ ಮುಂಗಡ ಕೊಡುತ್ತೇನೆ ಎಂದ.

ಹೀಗಾಗಿ ಒಂದು ರವಿವಾರ ದೀಪಾಲಿಯನ್ನು ಕರೆಸಿ, ಅಮೋಲನನ್ನು ಪಡದಿಂದ ಕರೆದು, ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ನನ್ನ ದೂರದೃಷ್ಟಿಯನ್ನು ಬಿಚ್ಚಿಟ್ಟೆ. ತೆರಿಗೆ, ವಿಮೆ, ಕಂತು, ಪಟ್ಟಿ. ಹೇಳಿ ಮುಗಿಸಿ ಹೊಗಳಿಕೆಗೆ ಕಾದೆ. ಅಮೋಲ, “ಅಪ್ಪಾ, ಆ ತೆರಿಗಿ ನಾ ಹುಟ್ಟೂಕ್ಕಿಂತ ಮೊದಲ ರದ್ದಾಗೇತಿ” ಅಂದ. ದೀಪಾಲಿ ಅದೇ ಮಾತನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದಳು. ನಾನು ಸುಮ್ಮನಿರಲಿಲ್ಲ. ಮೊಬೈಲಿಗೆ ಏನು ಗೊತ್ತು, ನನ್ನ ಹತ್ತಿರ ಎರಡೂ ಭಾಷೆಯ ಸಾಕ್ಷಿ ಇದೆ ಎಂದೆ. ಕಾಗವಾಡದ ಮದುವೆಯ ಹಿರಿಯರು ಹೇಳಿದ್ದನ್ನು ಅವರ ಧಾಟಿಯಲ್ಲೇ ಹೇಳಿದೆ. ಐದು ಸಾಲಿಗೆ ಎರಡು ಸಾಲು.

ಕಸ್ತೂರೆವ್ವ ಕೈಯಲ್ಲಿದ್ದ ಹೂವಿನ ದಾರ ಕೆಳಗಿಟ್ಟಳು. “ಅದು ನಿಮ್ಮ ಮಾತರಿ. ಶೆಡ್ಡಿನ್ಯಾಗ ಸಂಭಾಜಿಗಿ ನೀವ ಹೇಳಿದ್ರಿ. ನಾ ಚಾ ತಂದಾಗ.”

ನಾನು ಒಪ್ಪಲಿಲ್ಲ. ದೀಪಾಲಿ ಸೋದರಮಾವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ನಡುವೆ ಇಟ್ಟಳು. ಅಕ್ಕನ ಗಂಡನನ್ನು ದಾಜಿ ಎಂದು ಕರೆಯುವುದು ಅವರ ರೂಢಿ. “ದಾಜಿ, ತುಮ್ಹೀಚ ತರ ಸಾಂಗಿತಲಂ” ಅಂದ ಸಂಭಾಜಿ. ನೀವೇ ತಾನೇ ಹೇಳಿದ್ದು. ನಾನು ಹೇಳಿದ್ದನ್ನು ಅವನು ತನ್ನ ಊರಿನ ಕಟ್ಟೆಯಲ್ಲಿ ಹೇಳಿದ್ದ, ಕಟ್ಟೆಯವರು ಬೀಗರಿಗೆ, ಬೀಗರು ಇನ್ಯಾರಿಗೋ. ತೆಲಸಂಗದಿಂದ ಕನ್ನಡದಲ್ಲಿ ಹೊರಟ ನನ್ನ ಮಾತು ಗಡಿ ದಾಟಿ, ಟೋಪಿ ಮೀಸೆ ಹಾಕಿಕೊಂಡು, ಕಾಗವಾಡದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕೂತಿತ್ತು. ಮಾತು ನನ್ನದು ಎಂದು ನನಗೆ ಗುರುತು ಸಿಗಲಿಲ್ಲ. ನನ್ನ ಬಾಯಿಯಿಂದ ಬರುವ ಅನಾಹುತಕ್ಕೆ ನಾನೇ ಎರಡು ವರ್ಷ ವಿಮೆ ಕಟ್ಟಿದ್ದೆ.

ಅಮೋಲ ನಗಲಿಲ್ಲ, ದೀಪಾಲಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಸ್ತೂರೆವ್ವ ಸಹಿ ಮಾಡುವುದಿಲ್ಲ ಎಂದಳು. ನಾನು ತಪ್ಪಾಯಿತು, ವಿಮೆ ಬಿಡಿಸುತ್ತೇನೆ, ಸಿಕ್ಕಷ್ಟು ಸಿಗಲಿ ಎಂದೆ. ಆದರೆ ಅಷ್ಟಕ್ಕೇ ಬಾಯಿ ಮುಚ್ಚುವ ಜಾತಿ ನಾನಲ್ಲವಲ್ಲ. ನಿಮಗಾಗಿಯೇ ಮಾಡಿದೆ, ನಾನು ಹೋದ ಮೇಲೆ ಯಾರೂ ನಿಮ್ಮ ಹತ್ತಿರ ಏನೂ ಕೇಳಬಾರದೆಂದು ಮಾಡಿದೆ ಎಂದು ಒಂದು ಮಾತು ಸೇರಿಸಿದೆ. ಆಗ ಅವಳು ಹೇಳಿದ್ದನ್ನು, ಅಧಿಕಾರಿಗಳೇ, ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

“ನೀವು ಹೋದಮ್ಯಾಲ ಸರಕಾರ ಕೇಳ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಊರು ಅಂತೂ ಕೇಳ್ತೈತಿ. ಕುಂಕಮ ಕೇಳ್ತೈತಿ, ಬಳಿ ಕೇಳ್ತೈತಿ, ತಲಿಯಾಗಿನ ಹೂವು ಕೇಳ್ತೈತಿ. ಹತ್ತು ಮಂದಿ ಬಂದು ಕೈ ಹಿಡದು ತಗೊಂಡ ಹೋಗ್ತಾರ. ದ್ರೌಪದಿ ಕೊಟ್ಟಾಳಲ್ಲ. ಅದಕ್ಕ ಯಾವ ಪಾಲಸಿ ಮಾಡೀರಿ?”

ದ್ರೌಪದಿಯ ಗಂಡ, ನನ್ನ ಕಾಕಾನ ಮಗ, ತೀರಿಕೊಂಡಾಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಮನೆಯ ಹಿತ್ತಲಿನಲ್ಲಿ ಹೆಂಗಸರು ಅವಳ ಬಳೆ ಒಡೆಯುವ ಸದ್ದು ಕೇಳುತ್ತಿದ್ದಾಗ ಗಂಡಸರು ನಾವು ಮುಂದಿನ ಕಟ್ಟೆಯಲ್ಲಿ ಕೂತು ಹೊಲದ ವಾರಸಾ ನೋಂದಣಿಗೆ ಏನೇನು ಕಾಗದ ಬೇಕು ಎಂದು ಮಾತಾಡುತ್ತಿದ್ದೆವು. ಅಂದಿನಿಂದ ದ್ರೌಪದಿ ಬಾವಿ ಪಟ್ಟಿಯಲ್ಲಿ ದಿನವೂ ಹೂವು ಬಿಡಿಸುತ್ತಾಳೆ, ಊರ ಮದುವೆಗಳಿಗೆ ದಂಡೆ ಕಟ್ಟಿಕೊಡುತ್ತಾಳೆ, ಆ ಮದುವೆಗಳಲ್ಲಿ ಅಡಿಗೆ ಮನೆಯ ಬಾಗಿಲಿನಿಂದ ಈಚೆಗೆ ಬರುವುದಿಲ್ಲ. ಮುಡಿಯಲಾಗದ ಹೂವನ್ನು ಒಬ್ಬ ಹೆಂಗಸು ಇಷ್ಟು ವರ್ಷ ಕಟ್ಟುತ್ತ ಬಂದಿರುವುದು ನನ್ನ ಕಣ್ಣೆದುರಿಗೇ ಇತ್ತು. ನಾನು ದೂರದೇಶದ ತೆರಿಗೆಯ ಬಗ್ಗೆ ಓದುತ್ತ ಕೂತಿದ್ದೆ.

ಈಗ ನಿಮ್ಮನ್ನೇ ಕೇಳುತ್ತೇನೆ. ಸಾವಿನ ಮೇಲೆ ತೆರಿಗೆ ಇಲ್ಲ ಎಂದು ಮೊಬೈಲು ಹೇಳುತ್ತದೆ, ಅಮೋಲ ಹೇಳುತ್ತಾನೆ. ಹಾಗಾದರೆ ಇದು ಏನು? ಆದೇಶವಿಲ್ಲ, ರಸೀದಿ ಇಲ್ಲ, ಕಚೇರಿಯೂ ಇಲ್ಲ, ವಸೂಲಿ ಮಾತ್ರ ಒಂದು ಮನೆಯನ್ನೂ ಬಿಡದೆ ಆಗುತ್ತದೆ. ನಿಮ್ಮ ಇಲಾಖೆ ಹುಟ್ಟಿ ನೂರು ವರ್ಷ ದುಡಿದರೂ ಇಷ್ಟು ಚೊಕ್ಕವಾಗಿ ವಸೂಲಿ ಮಾಡಲಾರದು. ಸತ್ತವನ ಆಸ್ತಿಯನ್ನು ಪೂರ್ತಿ ಬಿಟ್ಟು ಬದುಕಿದವಳ ಮೇಲೆ ಹಾಕುವ ತೆರಿಗೆ ಇದು. ಇದರಲ್ಲಿ ಐದಕ್ಕೆ ಎರಡು ಎಂಬ ದಯೆಯೂ ಇಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಗಡಿಯಾಚೆಯ ಒಂದು ಊರಿನ ಪಂಚಾಯಿತಿ ಇನ್ನು ಮುಂದೆ ಗಂಡ ಸತ್ತವಳ ಕುಂಕುಮ ಅಳಿಸಬಾರದು, ಬಳೆ ಒಡೆಯಬಾರದು ಎಂದು ಠರಾವು ಮಾಡಿತು. ಅದು ಪತ್ರಿಕೆಯಲ್ಲಿ ಬಂದ ಖರೆ ಸುದ್ದಿ. ಸಂಭಾಜಿ ಆ ಮರಾಠಿ ಪತ್ರಿಕೆಯನ್ನು ನನ್ನ ಕೈಗೇ ಕೊಟ್ಟಿದ್ದ. ನಾನು ಓದಿ, ಮಡಚಿ, ಒಣದ್ರಾಕ್ಷಿಯ ಪೆಟ್ಟಿಗೆಯ ತಳಕ್ಕೆ ಹಾಸಿದೆ. ಚಹಾ ಹೋಟೆಲಿನಲ್ಲಿ ಹೇಳಲಿಲ್ಲ. ಸುಳ್ಳು ಸುದ್ದಿಯನ್ನು ಕನ್ನಡದಿಂದ ಮರಾಠಿಗೆ ದಾಟಿಸಿದವನಿಗೆ ಖರೆ ಸುದ್ದಿಯನ್ನು ಮರಾಠಿಯಿಂದ ಕನ್ನಡಕ್ಕೆ ತರಲು ಬಾಯಿ ಬರಲಿಲ್ಲ.

ವಿಮೆ ಬಿಡಿಸಿದ್ದಾಯಿತು, ಕಟ್ಟಿದ್ದರಲ್ಲಿ ಬಂದದ್ದು ಸ್ವಲ್ಪ. ಬಾಪುಸಾಹೇಬ ಬಯ್ಯಲಿಲ್ಲ, ಸಾವು ಇನ್ನೂ ಬಾಕಿ ಇದೆ, ಮನಸ್ಸಾದಾಗ ಬಾ ಎಂದ. ಸಿದರಾಯನಿಗೆ ಪಟ್ಟಿ ಮಾರುವುದಿಲ್ಲ ಎಂದು ಹೇಳಿದೆ. ಅವನು ಕಾರಣ ಕೇಳಿದ. ನಾನು ಕಾರಣ ಹೇಳಿದೆ. ಅವನು ಮಾತ್ರ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಪಟ್ಟಿಯನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ ಎಂದು ಕಸ್ತೂರೆವ್ವನಿಗೆ ಹೇಳಿದಾಗ ಅವಳು, ಹಾಗಾದರೆ ನಾನು ಸತ್ತ ಮೇಲೆ ತೆರಿಗೆ ನಿಮಗೆ ಬೀಳುತ್ತದಲ್ಲ, ಅದಕ್ಕೆ ನಾನೊಂದು ಪಾಲಸಿ ಮಾಡಿಸಲೇ ಎಂದು ಕೇಳಿದಳು. ಹೆಂಗಸು ಸತ್ತರೆ ಗಂಡಸಿನಿಂದ ಊರು ಏನು ಕೇಳುತ್ತದೆ ಎಂದು ನಾನು ಯೋಚಿಸಿದೆ. ಏನೂ ಕೇಳುವುದಿಲ್ಲ. ವರ್ಷ ತುಂಬುವ ಮೊದಲು ಇನ್ನೊಂದು ಹೆಣ್ಣು ನೋಡೋಣವೇ ಎಂದು ಕೇಳುತ್ತದೆ. ಪಟ್ಟಿ ಈಗ ಅವಳ ಹೆಸರಿಗಿದೆ.

ಹಾಗಾದರೆ ನಿನ್ನ ಬೇಡಿಕೆ ಏನು ಎಂದು ನೀವು ಕೇಳಬಹುದು. ಹೇಳುತ್ತೇನೆ. ನಾನು ಒಂದು ಕೆಲಸ ಮಾಡಿದ್ದೇನೆ. ಅದಕ್ಕೆ ನಿಮ್ಮ ಸಹಕಾರ ಬೇಕು.

ಹೋದ ತಿಂಗಳು ಚಹಾ ಹೋಟೆಲಿನಲ್ಲಿ ಪತ್ರಿಕೆ ಓದುವಾಗ ಅದರಲ್ಲಿ ಇಲ್ಲದ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿದೆ. ಗಂಡ ಸತ್ತವಳ ಬಳೆ ಒಡೆದು ಕುಂಕುಮ ಅಳಿಸಿದ ಮನೆಗೆ ಸರ್ಕಾರ ಹೊಸ ತೆರಿಗೆ ಹಾಕುತ್ತಿದೆ, ಆ ಮನೆಯ ಪಡದಲ್ಲಿ ಐದು ಸಾಲಿಗೆ ಎರಡು ಸಾಲು ಆ ಹೆಂಗಸಿನ ಹೆಸರಿಗೆ ಹೋಗುತ್ತದೆ ಎಂದು. ಇಬ್ಬರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಸಂಭಾಜಿಗೂ ಫೋನಿನಲ್ಲಿ ಹೇಳಿದೆ, ಬಹಳ ಗುಟ್ಟು, ಯಾರಿಗೂ ಹೇಳಬೇಡ ಎಂದು. ಅಂದರೆ ಅದು ಈಗಾಗಲೇ ಮಿರಜ್ ಮುಟ್ಟಿರುತ್ತದೆ. ಮುಂದಿನ ಮದುವೆಗಳ ಹೊತ್ತಿಗೆ ಮರಾಠಿಯಾಗಿ ತಿರುಗಿ ಬರುತ್ತದೆ. ಬಂದ ಮೇಲೆ ಅದನ್ನು ನಂಬದವರು ನಮ್ಮ ಕಡೆ ಯಾರೂ ಇಲ್ಲ, ನಂಬುವವರಲ್ಲಿ ಮೊದಲಿನವನು ಎಂಥವನೆಂದು ನಿಮಗೆ ಈಗ ಗೊತ್ತು.

ಇದು ಪತ್ರಿಕೆಗೆ ಕಳಿಸುತ್ತಿರುವ ಬಹಿರಂಗ ಪತ್ರ, ಗುಟ್ಟು ಒಡೆಯುವುದಿಲ್ಲವೇ ಎಂಬ ಚಿಂತೆ ಬೇಡ. ನಮ್ಮ ಹೋಟೆಲಿನಲ್ಲಿ ಪತ್ರಿಕೆ ಓದುವವನು ನಾನೇ. ಈ ಪುಟ ಬಂದ ದಿನ ಅದರ ಮೇಲೆ ಮಿರ್ಚಿ ಭಜಿ ಇಟ್ಟುಕೊಳ್ಳುತ್ತೇನೆ.

ನಿಮ್ಮಿಂದ ಬೇಕಾದದ್ದು ಇಷ್ಟೇ. ಮುಂದೆಂದಾದರೂ ನಮ್ಮ ಕಡೆಯ ಯಾವನಾದರೂ ಗಂಡಸು, ಮನೆಯಲ್ಲಿ ಸಾವಾದ ದಿನ, ಗಾಬರಿಯಾಗಿ ನಿಮ್ಮ ಜಾತಿಯವರ ಯಾವುದಾದರೂ ಕಚೇರಿಗೆ ಬಂದು, ಇಂಥ ತೆರಿಗೆ ಇರುವುದು ಖರೆಯೇ ಎಂದು ಕೇಳಿದರೆ ದಯವಿಟ್ಟು ‘ಇಲ್ಲ’ ಅನ್ನಬೇಡಿ. ಮುಖ ಎತ್ತುವುದೂ ಬೇಡ. ನೀವು ಯಾವಾಗಲೂ ಹೇಳುವಂತೆ ‘ಇನ್ನೂ ಆದೇಶ ಬಂದಿಲ್ರಿ’ ಎಂದು ಹೇಳಿ ಕಳಿಸಿ. ಅವನು ಮನೆಗೆ ಹೋಗಿ ಹಿತ್ತಲಿನ ಹೆಂಗಸರನ್ನು ತಡೆಯಲು ಅಷ್ಟು ಸಾಕು.

ಇಂತಿ,
ಕನ್ನಡದಲ್ಲಿ ತಾನೇ ಹೇಳಿದ್ದನ್ನು ಮರಾಠಿಯಲ್ಲಿ ಕೇಳಿ ನಂಬಿದ,
ಎತ್ತಿನ ಹೃದಯದ, ಸದ್ಯಕ್ಕೆ ಸಾಯುವ ಲಕ್ಷಣವಿಲ್ಲದ,
ಬಾವಿ ಪಟ್ಟಿಯ ಮಾಲಕಿಯ ಗಂಡ
ಬಾಬಾಸಾಹೇಬ, ತೆಲಸಂಗ